ಬಾಗಿಲಿರುವ ಅರವಟ್ಟಿಗೆ

ಅರಸೀಕೆರೆಯಂಥ ಒಂದು ಜಂಕ್ಷನ್ನು. ಸಂಜೆ ನಾಲ್ಕೂವರೆಯ ಸಮಯ. ಹುಬ್ಬಳ್ಳಿಯ ಕಡೆಗೆ ಹೋಗುವ ಗಾಡಿ ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದಿಟ್ಟುಕೊಳ್ಳಬಹುದು. ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಹುಡುಗಿಯೊಬ್ಬಳು ಮೊಬೈಲನ್ನು ಎರಡು ಕೈಯಲ್ಲೂ ಹಿಡಿದು ಕುಳಿತಿದ್ದಾಳೆ. ಅವಳು ಸಲ್ಲಿಸಬೇಕಾದ ಅರ್ಜಿಗೆ ಅಂದೇ ಕಡೆಯ ದಿನ. ಆರು ಗಂಟೆ ಹೊಡೆದರೆ ಬಾಗಿಲು ಮುಚ್ಚಿದಂತೆ. ಮೊಬೈಲಿನ ರೀಚಾರ್ಜು ಮುಗಿದು ದಿನಗಳು ಕಳೆದಿವೆ. ಆದರೂ ಅವಳಿಗೆ ಧೈರ್ಯವಿದೆ. ಏಕೆಂದರೆ ಎದುರಿನ ಗೋಡೆಯ ಮೇಲೆ ಉಚಿತ ವೈಫೈ ಎಂಬ ಫಲಕವಿದೆ. ಮೊಬೈಲಿನ ನೆತ್ತಿಯ ಮೇಲೆ ಬೀಸಣಿಗೆಯಾಕಾರದ ಗುರುತು ತುಂಬಿ ನಿಂತಿದೆ. ಹೆಸರನ್ನು ಒತ್ತಿದಳು, ಸಂಪರ್ಕವಾಯಿತೆಂಬ ಮಾತೂ ಬಂತು. ಅರ್ಜಿಯ ಪುಟ ಮಾತ್ರ ತೆರೆಯಲೊಲ್ಲದು. ಮತ್ತೆ ಒತ್ತಿದಳು, ಮತ್ತೆ ಕಾದಳು. ಐದಾರು ನಿಮಿಷಗಳ ಮೇಲೆ ಬೇರೊಂದು ಪುಟ ಕಾಣಿಸಿಕೊಂಡು ಅವಳ ಮೊಬೈಲ್ ನಂಬರನ್ನು ಕೇಳಿತು, ಕೊಟ್ಟಳು. ಆ ನಂಬರಿಗೆ ಸಂದೇಶವಾಗಿ ಬರುವ ಓಟಿಪಿಯ ಅಂಕಿಗಳನ್ನು ತುಂಬೆಂದಿತು. ಅವಧಿ ಮುಗಿದ ಸಿಮ್ಮಿಗೆ ಸಂದೇಶ ಬರಲಿಲ್ಲ.

ಬೇಸಗೆಯಲ್ಲಿ ದಾರಿಹೋಕರಿಗೆಂದು ಅರವಟ್ಟಿಗೆಯನ್ನಿಡುವುದು ಈ ನಾಡಿನ ಹಳೆಯ ಪದ್ಧತಿ. ಬಾಯಾರಿದವನು ಬಂದು ಬೊಗಸೆಯೊಡ್ಡಿದರೆ ನೀರು ಬೀಳುತ್ತದೆ. ಊರು ಯಾವುದು, ಹೆಸರೇನು ಎಂದು ಕೇಳುವುದು ನೀರು ಕುಡಿದಾದ ಮೇಲಿನ ಮಾತು. ಸಾರ್ವಜನಿಕ ವೈಫೈ ಕೂಡ ಅಂಥದೊಂದು ಅರವಟ್ಟಿಗೆಯೇ. ಆದರೆ ಇದಕ್ಕೆ ಬಾಗಿಲೊಂದಿದೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಒಳಗೆ ನೀರು ಯಥೇಚ್ಛವಾಗಿದ್ದೂ ಹೊರಗಿನವನು ಬಾಯಾರಿ ನಿಲ್ಲುವುದು ಇವನ ದೆಸೆಯಿಂದಲೇ.

ಈ ಕಾವಲುಗಾರನ ಕೆಲಸ ನಡೆಯುವ ಬಗೆ ಸ್ವಾರಸ್ಯವಾದುದು. ಮೊಬೈಲು ಯಾವುದಾದರೊಂದು ವೈಫೈಯನ್ನು ಸೇರಿದ ಕೂಡಲೇ, ಅದರ ಒಡೆಯನಿಗೆ ತಿಳಿಯದಂತೆ, ತನ್ನನ್ನು ತಯಾರಿಸಿದ ಸಂಸ್ಥೆಯೋ ಗೂಗಲ್ಲೋ ಇಟ್ಟಿರುವ ಒಂದು ಗೊತ್ತಾದ ವಿಳಾಸಕ್ಕೆ ಚಿಕ್ಕದೊಂದು ಪ್ರಶ್ನೆಯನ್ನು ಕಳುಹಿಸುತ್ತದೆ. ಅಲ್ಲಿಂದ ಬರಬೇಕಾದ ಉತ್ತರ ಅದಕ್ಕೆ ಮೊದಲೇ ಗೊತ್ತು. ಅದೇ ಉತ್ತರ ಬಂದರೆ ದಾರಿ ತೆರವಾಗಿದೆಯೆಂದು ಅರ್ಥ. ಬೇರೆ ಉತ್ತರ ಬಂದರೆ, ನಡುವೆ ಯಾರೋ ನಿಂತು ಪತ್ರವನ್ನು ತಡೆದು ತಮ್ಮ ಪತ್ರವನ್ನು ಕೊಟ್ಟಿದ್ದಾರೆಂದು ಮೊಬೈಲು ಊಹಿಸಿ, ಆ ನಡುವಿನವರ ಪುಟವನ್ನು ಪರದೆಯ ಮೇಲೆ ತಂದು ನಿಲ್ಲಿಸುತ್ತದೆ. ನಂಬರನ್ನು ಕೇಳುವ ಪುಟ ಇದೇ.

ಹೀಗೆ ಪತ್ರವನ್ನು ನಡುದಾರಿಯಲ್ಲಿ ತಡೆಯುವುದು ಮೊದಲು ಸುಲಭವಾಗಿತ್ತು. ಆದರೆ ಇಂದಿನ ಬಹುಪಾಲು ಜಾಲತಾಣಗಳು ತಮ್ಮ ಪತ್ರಗಳಿಗೆ ಅರಗಿನ ಮುದ್ರೆಯೊತ್ತಿ ಕಳುಹಿಸುತ್ತವೆ. ವಿಳಾಸದ ಮೊದಲಲ್ಲಿ ಎಚ್.ಟಿ.ಟಿ.ಪಿ.ಎಸ್. ಎಂದಿರುವುದು ಇದರ ಗುರುತು. ಮುದ್ರೆಯೊಡೆದ ಪತ್ರವನ್ನು ಮೊಬೈಲು ಮುಟ್ಟುವುದಿಲ್ಲ. ಆದಕಾರಣ ಹುಡುಗಿಯು ಅರ್ಜಿಯ ತಾಣವನ್ನೇ ಒತ್ತುತ್ತ ಕುಳಿತರೆ ಅವಳಿಗೆ ಅತ್ತ ಅರ್ಜಿಯೂ ಇಲ್ಲ, ಇತ್ತ ಕಾವಲುಗಾರನ ಮುಖದರ್ಶನವೂ ಇಲ್ಲ. ಅಂತರಜಾಲದ ನಿಯಮಗಳನ್ನು ರೂಪಿಸುವ ಐ.ಇ.ಟಿ.ಎಫ್. ಎಂಬ ಮಂಡಲಿಯು 2020ರಲ್ಲಿ ಇದಕ್ಕೊಂದು ಸಭ್ಯವಾದ ಮಾರ್ಗವನ್ನು ಗೊತ್ತುಮಾಡಿತು: ಮೊಬೈಲಿಗೆ ವಿಳಾಸವನ್ನು ಹಂಚುವಾಗಲೇ ‘ಬಾಗಿಲು ಇಂಥಲ್ಲಿದೆ’ ಎಂದು ವೈಫೈಯೇ ಹೇಳಿಬಿಡುವುದು. ಅದನ್ನು ಅನುಸರಿಸುವವರು ಅನುಸರಿಸುತ್ತಾರೆ; ಉಳಿದವರು ಇನ್ನೂ ಪತ್ರಗಳನ್ನು ತಡೆಯುತ್ತಲೇ ಇದ್ದಾರೆ.

ಕಾವಲುಗಾರನನ್ನು ನಿಲ್ಲಿಸಿದ್ದು ನಿಷ್ಕಾರಣವಾಗಿ ಅಲ್ಲ. 2008ರಲ್ಲಿ ದೇಶದ ಕೆಲವು ನಗರಗಳಲ್ಲಿ ಬಾಂಬುಗಳು ಸಿಡಿದಾಗ, ಅವುಗಳ ಹೊಣೆ ಹೊತ್ತ ಈ-ಮೇಲುಗಳನ್ನು ಯಾರ ಯಾರದೋ ಬೀಗವಿಲ್ಲದ ವೈಫೈಗಳ ಮೂಲಕ ಕಳುಹಿಸಲಾಗಿತ್ತು. ಪಾಪ, ಆ ವೈಫೈಗಳ ಒಡೆಯರು ಪೋಲೀಸರಿಗೆ ಉತ್ತರ ಹೇಳಬೇಕಾಯಿತು. 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು, ಸಾರ್ವಜನಿಕ ಸ್ಥಳದಲ್ಲಿ ವೈಫೈ ಕೊಡುವವರು ಬಳಸುವವನ ಗುರುತನ್ನು ದಾಖಲು ಮಾಡಿಕೊಳ್ಳಬೇಕೆಂದು ವಿಧಿಸಿತು. ಗುರುತಿನ ಚೀಟಿಯ ನಕಲನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿಗೆ ಸಂದೇಶ ಕಳುಹಿಸಿ ಖಚಿತಪಡಿಸಿಕೊಳ್ಳಬೇಕು. ನಕಲು ತೆಗೆಯುವ ತಾಪತ್ರಯ ಯಾರಿಗೆ ಬೇಕು? ಎಲ್ಲರೂ ಓಟಿಪಿಯನ್ನೇ ಹಿಡಿದರು. ಅಪರಾಧಿಯನ್ನು ಹುಡುಕುವುದಕ್ಕೆ ಇದರಿಂದ ಸಹಾಯವಾಗಬಹುದು. ಆದರೆ ಉಚಿತ ವೈಫೈ ಯಾರಿಗೆ ಎಲ್ಲರಿಗಿಂತ ಹೆಚ್ಚು ಅಗತ್ಯವೋ, ಅರ್ಥಾತ್ ರೀಚಾರ್ಜಿಗೆ ಕಾಸಿಲ್ಲದವನಿಗೆ, ಸಿಮ್ಮಿಲ್ಲದ ಹಳೆಯ ಮೊಬೈಲನ್ನು ಹಿಡಿದ ಹುಡುಗನಿಗೆ, ಹಂಪೆಯನ್ನು ನೋಡಲು ಬಂದಿಳಿದ ಪರದೇಶದವನಿಗೆ, ಅವರಿಗೇ ಬಾಗಿಲು ಮುಚ್ಚಿಕೊಂಡಿತೆಂಬುದು ವಿಚಿತ್ರವಾದರೂ ನಿಜ.

ಬಾಗಿಲು ತೆರೆದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ಮೊದಲುಗೊಂಡು, ರೈಲ್ವೆಯ ರೈಲ್‌ಟೆಲ್ ಸಂಸ್ಥೆಯೂ ಗೂಗಲ್ಲೂ ಕೂಡಿ ನಿಲ್ದಾಣಗಳಲ್ಲಿ ವೈಫೈಯನ್ನು ಹಾಕುತ್ತ ಹೋದವು. 2018ರ ಜೂನಿನಲ್ಲಿ ಅಸ್ಸಾಮಿನ ದಿಬ್ರುಗಢದೊಂದಿಗೆ ಸಂಖ್ಯೆ 400ನ್ನು ಮುಟ್ಟಿತು. ಅದೇ ವರ್ಷ, ಕೇರಳದ ಎರ್ನಾಕುಲಂ ನಿಲ್ದಾಣದಲ್ಲಿ ಹೊರೆ ಹೊರುತ್ತಿದ್ದ ಒಬ್ಬ ಕೂಲಿಯು ರಾಜ್ಯದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಪುಸ್ತಕಗಳ ಗುಡ್ಡೆ ಅವನಲ್ಲಿರಲಿಲ್ಲ. ನಿಲ್ದಾಣದ ವೈಫೈಯಿಂದ ಪಾಠಗಳನ್ನು ಪಡೆದು, ತಲೆಯ ಮೇಲೆ ಪೆಟ್ಟಿಗೆ ಹೊತ್ತು ನಡೆಯುವಾಗಲೂ ಕಿವಿಯಲ್ಲಿ ಅವನ್ನು ಕೇಳುತ್ತಿದ್ದನಂತೆ. ಗೂಗಲ್ 2020ರಲ್ಲಿ ಈ ಕೆಲಸದಿಂದ ಹಿಂದೆಗೆಯಿತು. ರೈಲ್‌ಟೆಲ್ ಅದನ್ನು ನಡೆಸಿಕೊಂಡು ಬಂದು 6,000ಕ್ಕೂ ಮಿಕ್ಕ ನಿಲ್ದಾಣಗಳಿಗೆ ಹಬ್ಬಿಸಿತು. 2021ರ ಮಾರ್ಚಿಯಲ್ಲಿ, ದಿನದ ಮೊದಲ ಅರ್ಧ ಗಂಟೆ ಉಚಿತ, ಅನಂತರದ ಹೆಚ್ಚಿನ ವೇಗಕ್ಕೆ ಹಣ ಎಂಬ ಏರ್ಪಾಡನ್ನು ತಂದಿತು. ಅರ್ಜಿಯೊಂದಕ್ಕೆ ಅರ್ಧ ಗಂಟೆ ಧಾರಾಳವಾಗಿ ಸಾಕು, ಒಳಗೆ ಬಿಟ್ಟರೆ.

ಬೆಂಗಳೂರಿನಲ್ಲೂ 2014ರ ಜನವರಿಯಲ್ಲಿ ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದ ಕಡೆ ‘ನಮ್ಮ ವೈಫೈ’ ಎಂಬ ಹೆಸರಿನಲ್ಲಿ ಇಂಥದೇ ಒಂದು ಪ್ರಯತ್ನ ನಡೆದು, ಕೆಲವು ವರ್ಷಗಳಲ್ಲಿ ನಿಂತುಹೋಯಿತು.

ಹಾಗಾದರೆ ಗುರುತೂ ಉಳಿಯಬೇಕು, ಬಾಗಿಲೂ ತಾನಾಗಿ ತೆರೆಯಬೇಕೆಂದರೆ ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟವರು ಮೇಷ್ಟರುಗಳು. 2002ರಲ್ಲಿ ನೆದರ್ಲೆಂಡ್ಸಿನ ವಿದ್ಯಾಸಂಸ್ಥೆಗಳ ಜಾಲವಾದ ಸರ್ಫ್‌ನೆಟ್‌ನಲ್ಲಿದ್ದ ಕ್ಲಾಸ್ ವೀರೆಂಗಾ ಎಂಬವರು ಒಂದು ಸಲಹೆಯನ್ನು ಮುಂದಿಟ್ಟರು. ಒಂದು ವಿಶ್ವವಿದ್ಯಾಲಯದವನು ಮತ್ತೊಂದಕ್ಕೆ ಹೋದಾಗ ಹೊಸ ಹೆಸರು, ಹೊಸ ಗುಪ್ತಪದ ಏಕೆ? ಅವನ ಹೆಸರಿನ ಜೊತೆಗೆ ಅವನ ಸಂಸ್ಥೆಯ ಹೆಸರೂ ಇರಲಿ. ಅತಿಥೇಯರು ಅವನ ಸಂಸ್ಥೆಯನ್ನೇ ಕೇಳಲಿ: ‘ಈತ ನಿಮ್ಮವನೋ?’ ಹೌದೆಂದರೆ ಬಾಗಿಲು ತೆರೆಯಲಿ. ಗುಪ್ತಪದವು ಮುಚ್ಚಿದ ಲಕೋಟೆಯಲ್ಲಿ ಅವನ ಸಂಸ್ಥೆಗೇ ಹೋಗುವುದರಿಂದ ನಡುವಿನವರು ಅದನ್ನು ನೋಡುವ ಹಾಗೂ ಇಲ್ಲ. ಮೊದಲಿನ ಕಾಲದಲ್ಲಿ ಪರಸ್ಥಳದ ಛತ್ರಕ್ಕೆ ಹೋಗುವವನು ಊರಿನ ದೊಡ್ಡವರ ಕಾಗದವನ್ನು ಕೊಂಡೊಯ್ಯುತ್ತಿದ್ದನಷ್ಟೆ. ಇದು ಆ ಕಾಗದವೇ, ನಿಮಿಷಾರ್ಧದಲ್ಲಿ ಹೋಗಿ ಬರುವಂಥದು. ಎಡುರೋಮ್ ಎಂಬ ಈ ವ್ಯವಸ್ಥೆ ಈಗ 100ಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಎರ್ನೆಟ್ ಸಂಸ್ಥೆಯು ಇದನ್ನು ನೋಡಿಕೊಳ್ಳುತ್ತದೆ. ಸದಸ್ಯ ಸಂಸ್ಥೆಯೊಂದರ ಸಂಶೋಧಕನು ಬೆಂಗಳೂರನ್ನು ಬಿಟ್ಟು ಯೂರೋಪಿನ ವಿಶ್ವವಿದ್ಯಾಲಯವೊಂದರ ಅಂಗಳದಲ್ಲಿ ಕಾಲಿಟ್ಟರೆ, ಜೇಬಿನಲ್ಲಿರುವ ಮೊಬೈಲು ತಾನಾಗಿಯೇ ಒಳಗೆ ಹೋಗಿರುತ್ತದೆ. ಅವನು ಅದನ್ನು ಗಮನಿಸುವುದೂ ಇಲ್ಲ.

ಇದೇ ತತ್ತ್ವವನ್ನು ಜನಸಾಮಾನ್ಯರ ಮೊಬೈಲಿಗೂ ತರಬೇಕೆಂದು, ವೈಫೈ ಉಪಕರಣಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ವೈಫೈ ಅಲಯನ್ಸ್ ಎಂಬ ಕೂಟವು 2012ರಲ್ಲಿ ಪಾಸ್‌ಪಾಯಿಂಟ್ ಎಂಬ ಕ್ರಮವನ್ನು ಆರಂಭಿಸಿತು. ಇದರಲ್ಲಿ ಮೊಬೈಲು ಬಾಗಿಲನ್ನು ತಟ್ಟುವ ಮೊದಲೇ ‘ನೀವು ಯಾರ ಯಾರ ಕಾಗದವನ್ನು ಮನ್ನಿಸುತ್ತೀರಿ?’ ಎಂದು ಕೇಳಿ ತಿಳಿಯುತ್ತದೆ. ತನ್ನ ಸಿಮ್ಮಿನ ಕಂಪನಿಯ ಹೆಸರು ಅಲ್ಲಿದ್ದರೆ ಸಿಮ್ಮೇ ಸಾಕ್ಷಿ, ಪುಟವಿಲ್ಲ, ಓಟಿಪಿಯಿಲ್ಲ. ಮೊಬೈಲಿಗೂ ವೈಫೈ ಪೆಟ್ಟಿಗೆಗೂ ನಡುವಿನ ಮಾತು ಗೂಢಲಿಪಿಯಲ್ಲಿ ನಡೆಯುವುದರಿಂದ ಪಕ್ಕದ ಬೆಂಚಿನವನು ಕದ್ದು ಕೇಳುವಂತಿಲ್ಲ. ಈಚಿನ ಬಹುತೇಕ ಮೊಬೈಲುಗಳಲ್ಲಿ ಈ ಸೌಕರ್ಯ ಅಡಗಿ ಕುಳಿತಿದೆ. ಆದರೂ ಅದು ಎಲ್ಲೆಡೆ ಕಾಣದಿರುವುದಕ್ಕೆ ಕಾರಣ ಯಂತ್ರದಲ್ಲಿಲ್ಲ. ಕಂಪನಿ ಕಂಪನಿಗಳ ನಡುವೆ ಕರಾರುಗಳಾಗಬೇಕು. ಖರ್ಚನ್ನು ಹೊರುವವರು ಬೇಕು. ಅದಲ್ಲದೆ ಅನೇಕ ಹೋಟೆಲು, ಮಾಲುಗಳವರಿಗೆ ಗಿರಾಕಿಯ ಮೊಬೈಲ್ ನಂಬರೇ ಬೇಕಾದ ವಸ್ತು. ಜಾಹೀರಾತಿನ ಸಂದೇಶಗಳು ಮರುದಿನದಿಂದ ಬರತೊಡಗುವುದು ಸುಮ್ಮನೆ ಅಲ್ಲ. ಬಾಗಿಲಿನಿಂದ ಲಾಭವಿರುವವನು ಬಾಗಿಲನ್ನು ತೆಗೆಯುವನೇ?

ಭಾರತದಲ್ಲಿ ಹೊರಟ ಪ್ರಯೋಗ ಇನ್ನೊಂದು ಬಗೆಯದು. ಹಿಂದೆ ಊರೂರಿನ ಬೀದಿಗಳಲ್ಲಿ ಹಳದಿ ಫಲಕ ಹೊತ್ತ ಎಸ್.ಟಿ.ಡಿ. ಬೂತುಗಳಿದ್ದುದು ವಾಚಕರಿಗೆ ನೆನಪಿರಬಹುದು. ಮನೆಯಲ್ಲಿ ಟೆಲಿಫೋನಿಲ್ಲದ ಕೋಟಿಗಟ್ಟಲೆ ಜನರಿಗೆ ದೂರದ ಮಗನ ದನಿಯನ್ನು ಕೇಳಿಸಿದ್ದು ಆ ಚಿಕ್ಕ ಅಂಗಡಿಗಳು. ಅದೇ ಮಾದರಿಯಲ್ಲಿ ಚಹದಂಗಡಿಯವನೂ ಕಿರಾಣಿಯವನೂ ವೈಫೈಯನ್ನು ಚಿಲ್ಲರೆಯಾಗಿ ಮಾರಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಮಾರ್ಚಿಯಲ್ಲಿ ಶಿಫಾರಸು ಮಾಡಿತು. ಕೇಂದ್ರ ಸಂಪುಟವು 2020ರ ಡಿಸೆಂಬರ್ 9ರಂದು ಪಿಎಂ-ವಾಣಿ ಎಂಬ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂಗಡಿಯವನಿಗೆ ಲೈಸೆನ್ಸು ಬೇಡ, ಶುಲ್ಕವಿಲ್ಲ. ಬಳಸುವವನು ಒಂದು ಆ್ಯಪಿನಲ್ಲಿ ಒಮ್ಮೆ ತನ್ನ ಗುರುತನ್ನು ಕೊಟ್ಟರಾಯಿತು; ಯೋಜನೆಗೆ ಸೇರಿದ ಯಾವ ಅಂಗಡಿಯ ಮುಂದೆ ನಿಂತರೂ ಮತ್ತೆ ಕೇಳುವವರಿಲ್ಲ. ಯಾವ ಅಂಗಡಿ, ಯಾವ ಆ್ಯಪು ಎಂಬುದರ ಲೆಕ್ಕವನ್ನು ಸಿ-ಡಾಟ್ ಇಟ್ಟಿರುತ್ತದೆ.

ಯೋಜನೆ ಚೆನ್ನಾಗಿಯೇ ಇದೆ. ಫಸಲು ಮಾತ್ರ ಅಷ್ಟಾಗಿ ಬರಲಿಲ್ಲ. 2018ರ ರಾಷ್ಟ್ರೀಯ ನೀತಿಯು 2022ಕ್ಕೆ ಒಂದು ಕೋಟಿ ಸಾರ್ವಜನಿಕ ವೈಫೈ ತಾಣಗಳೆಂದು ಬರೆದುಕೊಂಡಿತ್ತು. ದೇಶವು ಅದರ ಸಮೀಪಕ್ಕೂ ಬರಲಿಲ್ಲ. 2016ರಿಂದ ಮೊಬೈಲಿನ ಡೇಟಾ ಬಹಳ ಅಗ್ಗವಾದದ್ದು ಒಂದು ಕಾರಣ. ಅಂಗಡಿಯವನು ಕೊಳ್ಳಬೇಕಾಗಿದ್ದ ಸಂಪರ್ಕದ ಬೆಲೆ ಇನ್ನೊಂದು. ಮನೆಯವರಿಗೆ ಅಗ್ಗವಾಗಿ ಸಿಗುವ ಅದೇ ತಂತಿಗೆ ಇವನಿಂದ ಅದರ ಎಷ್ಟೋ ಪಾಲು ಕೇಳುತ್ತಿದ್ದರು. 2025ರ ಜೂನಿನಲ್ಲಿ ಟ್ರಾಯ್ ಇದಕ್ಕೆ ಕಡಿವಾಣ ಹಾಕಿ, 200 ಎಂ.ಬಿ.ಪಿ.ಎಸ್. ವೇಗದ ವರೆಗಿನ ಸಂಪರ್ಕಕ್ಕೆ ಮನೆಯ ದರದ ಎರಡರಷ್ಟನ್ನು ಮೀರಿ ಕೇಳಬಾರದೆಂದು ಆಜ್ಞೆ ಮಾಡಿತು. ಮಾಡಬೇಕಾದ ಕೆಲಸವೇ, ಐದು ವರ್ಷ ಮೊದಲೇ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು.

ಅಲ್ಲಿಯವರೆಗೆ ಪ್ಲಾಟ್‌ಫಾರಮ್ಮಿನಲ್ಲಿ ಕುಳಿತವರು ಮಾಡಬಹುದಾದದ್ದೇನು? ಮೊದಲು ವೈಫೈಯ ಹೆಸರನ್ನು ಗೋಡೆಯ ಫಲಕದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಅದೇ ಹೆಸರನ್ನು ಹೋಲುವ ಕಳ್ಳ ವೈಫೈಗಳನ್ನು ಒಡ್ಡುವವರೂ ಇದ್ದಾರೆ. ಪುಟ ತಾನಾಗಿ ಬಾರದಿದ್ದರೆ, ಎಸ್ ಅಕ್ಷರವಿಲ್ಲದೆ ಬರಿಯ ಎಚ್.ಟಿ.ಟಿ.ಪಿ. ಎಂದಿರುವ ತಾಣವನ್ನು ಕರೆಯಬೇಕು. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬುದು ಇದಕ್ಕಾಗಿಯೇ ಮುದ್ರೆಯೊತ್ತದೆ ಇಟ್ಟಿರುವ ತಾಣ. ಅದನ್ನು ಕರೆದರೆ ಕಾವಲುಗಾರನು ತಪ್ಪದೆ ಅಡ್ಡ ಬರುತ್ತಾನೆ. ವಿ.ಪಿ.ಎನ್. ಇದ್ದರೆ ಒಳಗೆ ಹೋಗುವ ತನಕ ಅದನ್ನು ಆರಿಸಿರಬೇಕು. ಈಗಿನ ಮೊಬೈಲುಗಳು ಗುಟ್ಟು ಕಾಯುವುದಕ್ಕಾಗಿ ಒಂದೊಂದು ವೈಫೈಗೆ ಒಂದೊಂದು ಹುಸಿ ವಿಳಾಸವನ್ನು ತೋರಿಸುತ್ತವೆ. ಆ ವಿಳಾಸ ಬದಲಾದರೆ ನಿನ್ನೆ ಒಳಗೆ ಬಿಟ್ಟ ಕಾವಲುಗಾರನೇ ಇಂದು ಗುರುತು ಸಿಗದೆ ಮತ್ತೆ ಓಟಿಪಿ ಕೇಳಬಹುದು, ಅದರಿಂದ ಗಾಬರಿಯಾಗಬೇಕಿಲ್ಲ. ಗುಪ್ತಪದವಿಲ್ಲದ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡದಿರುವುದು ಮೇಲು.

ಸಂದೇಶವೇ ಬಾರದ ಹುಡುಗಿಗೆ ಇವುಗಳಲ್ಲಿ ಯಾವುದೂ ಒದಗುವುದಿಲ್ಲ. ಅವಳು ಸಂಕೋಚವನ್ನು ಬಿಟ್ಟು ಪಕ್ಕದಲ್ಲಿರುವ ತಾಯಿಯನ್ನೋ ಅಣ್ಣನನ್ನೋ ಕೇಳಬೇಕು. ಯಾವ ಮೊಬೈಲಿನಲ್ಲಾದರೂ ಹಾಟ್‌ಸ್ಪಾಟ್ ಎಂಬ ಗುಂಡಿಯಿರುತ್ತದೆ; ಅದನ್ನು ಒತ್ತಿ ಎಂಟಕ್ಷರದ ಗುಪ್ತಪದವನ್ನು ಬಾಯಲ್ಲಿ ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯದು. “ಯಾವೂರಮ್ಮ ನಿಂದು? ಏನು ಅರ್ಜಿ?” ಎಂದು ಅವರು ಕೇಳಿಯೇ ಕೇಳುತ್ತಾರೆ. ಅರ್ಜಿ ಹೋಗುತ್ತಿರುವಾಗ ಅವಳು ಉತ್ತರ ಹೇಳಬಹುದು.