ಪ್ರೋಟಾನ್ ಚಿಕಿತ್ಸೆ: ವಂತಿಗೆ ಎತ್ತುವ ಮೊದಲು



ಊರಿನಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನಮ್ಮ ಮೊಬೈಲಿಗೆ ಮೊದಲು ಬರುವುದು ರಿಪೋರ್ಟು, ಅದರ ಹಿಂದೆಯೇ ಬ್ಯಾಂಕ್ ಖಾತೆ ನಂಬರು. ಈಚೆಗೆ ಅದರ ಜೊತೆ ಹೊಸದೊಂದು ಹೆಸರೂ ಕೇಳಿಬರುತ್ತಿದೆ: ಪ್ರೋಟಾನ್ ಥೆರಪಿ. "ಅದೊಂದು ಮಾಡಿಸಿದರೆ ಉಳಿಯುತ್ತಾರಂತೆ, ಲಕ್ಷಗಟ್ಟಲೆ ಬೇಕಂತೆ" ಎಂಬ ಮಾತನ್ನು ನಂಬಿ ಮನೆ ಅಡವಿಡುವ ಮೊದಲು ಜಮಾ, ಖರ್ಚು ಎರಡನ್ನೂ ಬರೆದು ನೋಡೋಣ.

ಮೊದಲು ಜಮಾ. ಸಾಮಾನ್ಯ ರೇಡಿಯೇಷನ್ನಿನ ಎಕ್ಸ್‌ರೇ ಕಿರಣ ಗಡ್ಡೆಯನ್ನು ದಾಟಿ ದೇಹದ ಆಚೆ ಬದಿಯಿಂದ ಹೊರಬೀಳುತ್ತದೆ. ದಾರಿಯಲ್ಲಿರುವ ಒಳ್ಳೆಯ ಅಂಗಗಳಿಗೂ ಪೆಟ್ಟು ಬೀಳುತ್ತದೆ. ಪ್ರೋಟಾನ್ ಹಾಗಲ್ಲ, ಗಡ್ಡೆಯ ಆಳದಲ್ಲಿ ಶಕ್ತಿ ಸುರಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಮಕ್ಕಳ ಮೆದುಳಿನ ಗಡ್ಡೆ, ತಲೆಬುರುಡೆಯ ಬುಡ, ಬೆನ್ನುಹುರಿಯ ಪಕ್ಕದ ಗಡ್ಡೆಗಳಲ್ಲಿ ಇದರ ಬೆಲೆ ದೊಡ್ಡದು. ಬೆಳೆಯುವ ಮಗುವಿನ ಬುದ್ಧಿ, ಕಿವಿ, ಬೆಳವಣಿಗೆ ಉಳಿಯುವ ಪ್ರಶ್ನೆ ಅದು.

ಆದರೆ ಎಲ್ಲ ಕ್ಯಾನ್ಸರಿಗೂ ಈ ಲೆಕ್ಕ ಕೂಡಿಬರುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ 450 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2024ರಲ್ಲಿ ಪ್ರಕಟಗೊಂಡ ಪರೀಕ್ಷೆಯಲ್ಲಿ, ಆಧುನಿಕ ಎಕ್ಸ್‌ರೇ ರೇಡಿಯೇಷನ್ ಮತ್ತು ಪ್ರೋಟಾನ್ ನಡುವೆ ಕರುಳಿನ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗ ಮೈಯೆಲ್ಲ ಹರಡಿದ್ದರೆ, ಒಂದು ಜಾಗಕ್ಕೆ ಕೊಡುವ ಪ್ರೋಟಾನ್ ಅದನ್ನು ಗುಣಪಡಿಸದು.

ಇನ್ನು ಖರ್ಚು. ಚೆನ್ನೈನ ಅಪೋಲೊದಲ್ಲಿ 2019ರಿಂದ, ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ 2023ರಿಂದ ಪ್ರೋಟಾನ್ ಚಿಕಿತ್ಸೆ ಇದೆ. ಎರಡನೆಯದು ಸರ್ಕಾರಿ ಸಂಸ್ಥೆಯಾದ್ದರಿಂದ ಬಡವರು ಮೊದಲು ಅಲ್ಲಿ ಕೇಳಬೇಕು. ಆಯುಷ್ಮಾನ್ ಭಾರತ್ ಕಾರ್ಡಿನ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ವಾರಕ್ಕೆ ಐದು ದಿನದಂತೆ ಹಲವು ವಾರ ಚಿಕಿತ್ಸೆ ಎಂದರೆ ಪರ ಊರಿನಲ್ಲಿ ರೂಮು ಬಾಡಿಗೆ, ಊಟ, ಜೊತೆಗಿರುವವರ ಸಂಬಳ ಕಡಿತ ಎಲ್ಲವೂ ಸೇರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಖರ್ಚು ಯಾವ ಬಿಲ್ಲಿನಲ್ಲೂ ಇರುವುದಿಲ್ಲ: ಹಣ ಒಟ್ಟಾಗಲಿ ಎಂದು ಕಾಯುವ ತಿಂಗಳುಗಳು. ಮಂಗಳೂರಿನಲ್ಲೇ ನಾಳೆ ಶುರುಮಾಡಬಹುದಾದ ರೇಡಿಯೇಷನ್ ಬಿಟ್ಟು ಕಾದರೆ ರೋಗ ನಮಗಾಗಿ ಕಾಯುವುದಿಲ್ಲ.

ಆದ್ದರಿಂದ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಈ ಗಡ್ಡೆಗೆ ಪ್ರೋಟಾನ್‌ನಿಂದ ಹೆಚ್ಚಿನ ಲಾಭ ಏನು? ಸಾಮಾನ್ಯ ರೇಡಿಯೇಷನ್ ಕೊಟ್ಟರೆ ಯಾವ ಅಂಗಕ್ಕೆ ಎಷ್ಟು ಹಾನಿ? ಎಷ್ಟು ದಿನ ಕಾಯಬಹುದು? ಉತ್ತರವನ್ನು ಬರೆಸಿಕೊಳ್ಳಿ, ಪ್ರೋಟಾನ್ ಮಾರದ ಇನ್ನೊಬ್ಬ ಕ್ಯಾನ್ಸರ್ ತಜ್ಞರಿಗೆ ತೋರಿಸಿ. ಇದು ವೈದ್ಯರ ಮೇಲಿನ ಅನುಮಾನವಲ್ಲ, ರೋಗಿಯ ಹಕ್ಕು.

ವಂತಿಗೆ ಕೊಡುವ ನಮಗೂ ಹೊಣೆಯಿದೆ. ಲೇಬರ್ ಕ್ಯಾಂಪಿನಲ್ಲಿರುವವರು ಓವರ್‌ಟೈಮ್ ಮಾಡಿ ಕೊಟ್ಟ ಸದಕಾ ನಮ್ಮ ಕೈಯಲ್ಲಿರುವ ಅಮಾನತ್. ಒಬ್ಬರ ಪ್ರೋಟಾನ್ ಖರ್ಚಿನಲ್ಲಿ ಹಲವರ ಸಾಮಾನ್ಯ ರೇಡಿಯೇಷನ್ ಮುಗಿಯುತ್ತದೆ. ಹಾಗಂತ ಮೆದುಳಿನಲ್ಲಿ ಗಡ್ಡೆಯಿರುವ ಮಗುವಿಗೆ ತಜ್ಞರು ಅದೇ ಬೇಕೆಂದರೆ, ಒಂದು ದಿನವೂ ತಡಮಾಡದೆ ಕೈಜೋಡಿಸೋಣ. ಬೇರೆಯವರ ವಿಷಯದಲ್ಲಿ ಎರಡನೇ ಅಭಿಪ್ರಾಯ ಬರುವವರೆಗೆ ಸಿಗುವ ಚಿಕಿತ್ಸೆಯನ್ನು ನಿಲ್ಲಿಸದಂತೆ ಮನೆಯವರಿಗೆ ಧೈರ್ಯ ಹೇಳೋಣ. ಇಲ್ಲಿ ದುಡಿಯುವ ಮಗನೋ ಅಣ್ಣನೋ "ನನ್ನಿಂದ ದುಡ್ಡು ಹೊಂದಿಸಲು ಆಗಲಿಲ್ಲ, ಅದಕ್ಕೇ ಹೀಗಾಯಿತು" ಎಂಬ ಭಾರ ಹೊತ್ತು ಬದುಕಬೇಕಿಲ್ಲ. ಸರಿಯಾದ ಚಿಕಿತ್ಸೆ ಯಾವಾಗಲೂ ಅತಿ ದುಬಾರಿಯದ್ದೇ ಆಗಿರಬೇಕಿಲ್ಲ.

ಅಲ್ಲಾಹನು ರೋಗಿಗಳಿಗೆ ಶಿಫಾ ಕರುಣಿಸಲಿ.