ಬೆಕ್ಕಿನ ಪಾಲಿಗೂ ಒಂದು ಪಟ್ಟಿ ಎತ್ತೋಣ

ಜಾತ್ರೆ ಬಂದರೆ ನಾವು ಪಟ್ಟಿ ಎತ್ತುತ್ತೇವೆ. ತೇರಿಗೆ, ದಾಸೋಹಕ್ಕೆ, ಕುಸ್ತಿಗೆ, ನಾಟಕಕ್ಕೆ ರೊಕ್ಕ ಕೂಡುತ್ತದೆ. ಅದರಲ್ಲೇ ಒಂದು ಸಣ್ಣ ಪಾಲನ್ನು ಓಣಿಯ ಬೆಕ್ಕುಗಳಿಗೆ ಅನ್ನ ಹಾಕುವವರ ಹಾಗೂ ಬಾವಿಗೆ ಬಿದ್ದ ದನ-ಕುರಿ-ನಾಯಿ ಎತ್ತುವ ಹುಡುಗರ ಸಲುವಾಗಿ ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ. ಹೀಗೆಂದರೆ ಮೊದಲು ಬರುವ ಮಾತು: ‘ನಮ್ಮ ಎತ್ತಿಗೇ ಮೇವಿಲ್ಲ, ಬೆಕ್ಕಿಗ್ಯಾಕ್ರೀ ರೊಕ್ಕ?’

ಈ ಪ್ರಶ್ನೆ ತಪ್ಪಲ್ಲ. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರಿಗೆ ಕಣಿಕಿಯ ಬೆಲೆ ಏನೆಂದು ಯಾರೂ ಕಲಿಸಬೇಕಿಲ್ಲ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕೋಣ.

ಹಿಂದೆ ಜೋಳ ಹಗೇವಿನಲ್ಲಿರುತ್ತಿತ್ತು. ಈಗ ಜೋಳ, ಕಡಲೆ, ತೊಗರಿ ಎಲ್ಲಾ ಚೀಲದಲ್ಲಿ, ಮನೆಯೊಳಗೇ. ಇಲಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಪಾಷಾಣ ಇಟ್ಟೆವೆನ್ನಿ, ಅದನ್ನು ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕು, ಗೂಗಿ ಕೂಡ ಸಾಯಬಹುದು. ಆಮೇಲೆ ಇಲಿಗೆ ಅಂಜಿಕೆಯೇ ಇಲ್ಲ. ಬೆಕ್ಕು ನಮ್ಮಿಂದ ಕೂಲಿ ಕೇಳದ ಆಳು.

‘ಅವ್ರು ಹಾಲು-ರೊಟ್ಟಿ ಹಾಕ್ತಾರ, ಅದಕ್ಕs ಬೆಕ್ಕು ಹೆಚ್ಚಾಗ್ಯಾವ’ ಎಂದು ಬೈಯುವವರಿದ್ದಾರೆ. ಇದರಲ್ಲೂ ಸ್ವಲ್ಪ ನಿಜವಿದೆ. ಬೆಕ್ಕು ಗಬ್ಬಾದ ಸುಮಾರು ಎರಡು ತಿಂಗಳಿಗೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು-ಮೂರು ಸಲ. ಬರೇ ಅನ್ನ ಹಾಕಿದರೆ ಸಾಲದು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಬೇಕು. ಆದರೆ ಓಣಿಯ ಬೆಕ್ಕನ್ನು ಹಿಡಿಯುವವರಾರು? ನಾನು ಕರೆದರೆ ಅದು ಮಾಳಿಗೆ ಏರುತ್ತದೆ. ದಿನಾ ಅನ್ನ ಹಾಕುವ ಕೈಗೇ ಅದು ಸಿಗುವುದು. ಅಂದರೆ ನಾವು ಬೈಯುವ ಆ ತಾಯಂದಿರೇ ಈ ಕೆಲಸಕ್ಕೆ ಬೇಕಾದವರು. ಅವರು ಹಿಡಿದುಕೊಡಲಿ, ಖರ್ಚು ಊರು ನೋಡಿಕೊಳ್ಳಲಿ. (ಬೆಕ್ಕು ಕಚ್ಚಿದರೂ ಪರಚಿದರೂ ರೇಬೀಸ್ ಬರಬಹುದು. ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ತಡಮಾಡದೆ ದವಾಖಾನೆಗೆ ಹೋಗಬೇಕು.)

ಇನ್ನು ಬಾವಿಗಿಳಿಯುವ ಹುಡುಗರು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸನ್ನು ಸುಮಾರು 20 ತಾಸಿನ ನಂತರ ಜೀವಂತ ಎತ್ತಿದ್ದನ್ನು ನಾಡೆಲ್ಲಾ ನೋಡಿತು. ಕಟ್ಟೆಯಿಲ್ಲದ ಬಾವಿಗೆ ಬಿದ್ದ ಆಕಳಿಗೆ ಅಷ್ಟು ಜನ ಬರುವುದಿಲ್ಲ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಚಿಕಿತ್ಸೆಗೆ ಬರುತ್ತದೆ, ಆದರೆ ಬಾವಿಯಿಂದ ಎತ್ತುವ ಕೆಲಸ ಬೇರೆ. ಅಗ್ನಿಶಾಮಕದವರು ತಾಲೂಕಿನಿಂದ ಬರಬೇಕು. ಅಷ್ಟರಲ್ಲಿ ನಮ್ಮ ಹುಡುಗರು ಹಳೇ ಹಗ್ಗ ಕಟ್ಟಿಕೊಂಡು ಇಳಿದಿರುತ್ತಾರೆ. ಅವರ ಜೀವಕ್ಕೆ ಬೆಲೆ ಇಲ್ಲವೇ? ಗಟ್ಟಿ ಹಗ್ಗ, ಅಗಲ ಬೆಲ್ಟು, ಬಲೆ ಇಷ್ಟಾದರೂ ಊರಲ್ಲಿರಬೇಕು. ಬಾವಿಗೆ ಕಟ್ಟೆ, ಕೆಟ್ಟ ಬೋರಿಗೆ ಮುಚ್ಚಳ ಹಾಕಿಸುವುದಂತೂ ಹೊಲದವರದೇ ಜವಾಬ್ದಾರಿ.

ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬುವರು 1991ರಲ್ಲಿ ಶುರು ಮಾಡಿದ ‘ಕ್ಯೂಪಾ’ ಸಂಸ್ಥೆ ದಾನಿಗಳ ನೆರವಿನಿಂದ ಇಂಥ ಕೆಲಸ ಮಾಡುತ್ತಿದೆ. ನಮಗೆ ಅಷ್ಟು ದೊಡ್ಡದು ಬೇಡ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುತ್ತೇವಲ್ಲ, ಅದೇ ದಿನ ಮನೆಗೊಂದು ಸೇರು ಜೋಳ ಕೂಡಿಸಿ ಹರಾಜು ಹಾಕೋಣ. ಶಾಲು-ಹಾರದ ಖರ್ಚು ಬೇಡ, ಭಾಷಣವೂ ಬೇಡ. ಪಶುವೈದ್ಯರನ್ನು ಮೊದಲೇ ಕಂಡು ಚಿಕಿತ್ಸೆಯ ದಿನ ಗೊತ್ತು ಮಾಡಿ, ಔಷಧದ ರೊಕ್ಕವನ್ನು ನೇರ ಅಂಗಡಿಗೇ ಕೊಡೋಣ. ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಗುಡಿಯ ಗೋಡೆಯ ಮೇಲೆ ಬರೆಯೋಣ. ಲೆಕ್ಕ ಕಂಡರೆ ಮುಂದಿನ ವರ್ಷ ಕೇಳದೇ ಕೊಡುತ್ತಾರೆ.

ಬಾಗೇವಾಡಿ ಬಸವಣ್ಣನವರ ಹುಟ್ಟೂರು. ದಾಸೋಹದ ಅರ್ಥವನ್ನು ನಮ್ಮ ನಾಲ್ಕು ತಾಲೂಕಿನವರಿಗೆ ಹೊರಗಿನವರು ಬಂದು ಹೇಳಬೇಕೇ? ಮುಂದಿನ ಪಟ್ಟಿ ಎತ್ತುವಾಗ ಈ ಮಾತನ್ನು ನಿಮ್ಮೂರ ಹಿರಿಯರ ಮುಂದಿಡಿ.