ಗಾಂಜಾ ಬಿಡಿಸಲು ಮಾತ್ರೆಯೇ ಬೇಕೇ?

ಮಗನನ್ನು ಮನೋವೈದ್ಯರ ಹತ್ತಿರ ಕರೆತರುವ ಅಪ್ಪ-ಅಮ್ಮಂದಿರ ಕೋರಿಕೆ ಸಾಮಾನ್ಯವಾಗಿ ಒಂದೇ: ‘ಡಾಕ್ಟ್ರೇ, ಏನಾದ್ರೂ ಒಂದು ಮಾತ್ರೆ ಬರೆದುಕೊಡಿ, ಈ ಹಾಳು ಗಾಂಜಾ ಬಿಟ್ರೆ ಸಾಕು.’ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕುಡಿತಕ್ಕೆ ನಾಲ್ಟ್ರೆಕ್ಸೋನ್, ಡೈಸಲ್ಫಿರಾಮ್ ಇವೆ. ಹೆರಾಯಿನ್‌ಗೆ ಬುಪ್ರೆನಾರ್ಫಿನ್, ಮೆಥಡೋನ್ ಇವೆ. ಸಿಗರೇಟು ಬಿಡುವವರಿಗೆ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಗಾಂಜಾ ಚಟಕ್ಕೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಔಷಧಿ ಮಾತ್ರ ಇನ್ನೂ ಒಂದೂ ಇಲ್ಲ, ನಮ್ಮಲ್ಲೂ ಇಲ್ಲ.

ಇಷ್ಟರಿಂದಲೇ ಜನ ಎರಡು ವಿರುದ್ಧ ತೀರ್ಮಾನಗಳಿಗೆ ಬಂದುಬಿಡುತ್ತಾರೆ. ಮಾತ್ರೆಯೇ ಇಲ್ಲವೆಂದಮೇಲೆ ಅದು ಕಾಯಿಲೆಯೇ ಅಲ್ಲ, ಬರೀ ಕೊಬ್ಬು, ನಾಲ್ಕು ಬಾರಿಸಿದರೆ ಸರಿಹೋಗುತ್ತದೆ ಎಂಬುದು ಒಂದು. ಅದು ಬರೀ ಸೊಪ್ಪು, ಬೇಕೆಂದಾಗ ಬಿಡಬಹುದು, ಅದಕ್ಕೆಂಥ ಚಿಕಿತ್ಸೆ ಎಂಬುದು ಇನ್ನೊಂದು. ಎರಡನೆಯದು ಹೆಚ್ಚಾಗಿ ಸೇದುವವರದೇ ವಾದ.

ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಭಾಂಗ್, ಗಾಂಜಾ ಅಥವಾ ಚರಸ್ ಬಳಸಿದ ಭಾರತೀಯರು ಸುಮಾರು 3.1 ಕೋಟಿ. ಅದರಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 72 ಲಕ್ಷ. ಅಂದರೆ ಬಳಸುವವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯ ಅಗತ್ಯವಿಲ್ಲ. ಇದನ್ನು ಮುಚ್ಚಿಟ್ಟು ಹೆದರಿಸಿದರೆ ಹುಡುಗರು ಮುಂದಿನ ಮಾತನ್ನು ಕೇಳುವುದಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಕ್ಕಿದ್ದುಂಟು. ಜಾತ್ರೆಗೊಮ್ಮೆ ಸೇದುವ ಭಕ್ತನನ್ನೂ, ಹಾಸಿಗೆಯಿಂದ ಎದ್ದ ಕೂಡಲೇ ಒಂದು, ಕಾಲೇಜಿನ ಹಿಂದೆ ಒಂದು, ಮಲಗುವ ಮುಂಚೆ ಇನ್ನೊಂದು ಎಂದು ದಿನ ಕಳೆಯುವ ಹತ್ತೊಂಬತ್ತರ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆ 72 ಲಕ್ಷದ ಲೆಕ್ಕಕ್ಕೆ ಬರುವವನು ಈ ಹುಡುಗ.

‘ಗಾಂಜಾ ಬಿಟ್ಟರೆ ಏನೂ ಆಗುವುದಿಲ್ಲ’ ಎಂಬ ನಂಬಿಕೆಗೂ ಕಾರಣವಿದೆ. ಅಮಲೇರಿಸುವ ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ಉಳಿಯುತ್ತದೆ, ನಿಧಾನವಾಗಿ ಹೊರಬೀಳುತ್ತದೆ. ಹಾಗಾಗಿ ಹೆರಾಯಿನ್ ಬಿಟ್ಟವರಂತೆ ನೆಲಕ್ಕೆ ಬಿದ್ದು ಒದ್ದಾಡುವ ದೃಶ್ಯ ಇಲ್ಲಿ ಕಾಣುವುದಿಲ್ಲ. ಎರಡನೆಯ ಅಥವಾ ಮೂರನೆಯ ದಿನದ ಹೊತ್ತಿಗೆ ಸಿಡಿಮಿಡಿ, ಊಟ ಸೇರದಿರುವುದು, ಬೆವರು, ನಿದ್ದೆಗೇಡು, ವಿಚಿತ್ರ ಕನಸುಗಳು ಶುರುವಾಗುತ್ತವೆ. ಮನೆಯವರು ಇದನ್ನು ಹುಡುಗನ ಸ್ವಭಾವ ಎಂದುಕೊಳ್ಳುತ್ತಾರೆ. ಹುಡುಗ ಸೇದದಿದ್ದರೆ ತಾನು ಹೀಗೇ ಎಂದುಕೊಳ್ಳುತ್ತಾನೆ. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಒಂದು ರೋಗಸ್ಥಿತಿಯೆಂದು ಒಪ್ಪಿದ್ದೇ 2013ರಲ್ಲಿ. ಅದರ ಹಿಂದಿನ ವರ್ಷ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ದಿನವೂ ಸೇದುವವರ ಮಿದುಳಿನಲ್ಲಿ, ಟಿಎಚ್‌ಸಿ ಅಂಟಿಕೊಳ್ಳುವ ಸಿಬಿ1 ಗ್ರಾಹಕಗಳು ಕಡಿಮೆಯಾಗಿದ್ದವು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಹೆಚ್ಚಿನ ಭಾಗಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳಿದ್ದವು. ಚಿಕಿತ್ಸೆಗೆ ಬಂದವನಿಗೆ ಹೇಳಬಹುದಾದ ಅತ್ಯುತ್ತಮ ಸುದ್ದಿ ಇದೇ ಇರಬೇಕು.

ಹಾಗಾದರೆ ಆ ಸಿಬಿ1ಗೇ ಬೀಗ ಹಾಕುವ ಮಾತ್ರೆ ಮಾಡಿದರೆ? ಮಾಡಿದ್ದೂ ಆಯಿತು. ರಿಮೋನಬಾಂಟ್ ಎಂಬ ಔಷಧಿ ಗಾಂಜಾದ ಅಮಲನ್ನು ತಗ್ಗಿಸುತ್ತದೆಂದು 2001ರಲ್ಲೇ ತೋರಿಸಲಾಗಿತ್ತು. ಬೊಜ್ಜು ಇಳಿಸಲೆಂದು 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಅದನ್ನು ನುಂಗಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಾಣಿಸಿಕೊಂಡವು. 2008ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಆ ಗ್ರಾಹಕಗಳು ಇರುವುದು ಗಾಂಜಾಕ್ಕಾಗಿ ಅಲ್ಲವಲ್ಲ! ಹಸಿವು, ನೆನಪು, ಮನಸ್ಸಿನ ಸಮಾಧಾನ ಎಲ್ಲದರಲ್ಲೂ ಅವುಗಳ ಕೈವಾಡವಿದೆ.

ಆಮೇಲಿನ ಪ್ರಯತ್ನಗಳ ಕಥೆ ಆಸೆ-ನಿರಾಸೆಗಳದ್ದು. ಕಫ ಕರಗಿಸಲು ಕೊಡುವ ಅಸಿಟೈಲ್‌ಸಿಸ್ಟೀನ್ ಅನ್ನು ಅಮೆರಿಕದಲ್ಲಿ 15ರಿಂದ 21 ವಯಸ್ಸಿನ 116 ಜನರ ಮೇಲೆ ಪ್ರಯೋಗಿಸಿದಾಗ ಫಲಿತಾಂಶ ಚೆನ್ನಾಗಿ ಬಂದಿತ್ತು. ಅದನ್ನೇ 302 ವಯಸ್ಕರಿಗೆ ಕೊಟ್ಟು ನೋಡಿ 2017ರಲ್ಲಿ ವರದಿ ಮಾಡಿದಾಗ, ಪೊಳ್ಳು ಮಾತ್ರೆಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹೆಚ್ಚು ಭರವಸೆ ಹುಟ್ಟಿಸಿದ್ದು ಆಸ್ಟ್ರೇಲಿಯಾದ ಪ್ರಯೋಗ. ಗಾಂಜಾ ಗಿಡದಿಂದಲೇ ತಯಾರಿಸಿದ ನಬಿಕ್ಸಿಮಾಲ್ಸ್ ಎಂಬ ದ್ರವವನ್ನು ಬಾಯೊಳಗೆ ಸಿಂಪಡಿಸಿಕೊಂಡವರು 12 ವಾರಗಳಲ್ಲಿ ಸರಾಸರಿ 35 ದಿನ ಗಾಂಜಾ ಸೇದಿದ್ದರೆ, ಪೊಳ್ಳು ಔಷಧಿ ಪಡೆದವರು 53 ದಿನ ಸೇದಿದ್ದರು. ಆದರೆ ಇಲ್ಲೊಂದು ವಿಷಯವನ್ನು ಮರೆಯಬಾರದು: ಎರಡೂ ಗುಂಪಿನವರಿಗೆ ಆಪ್ತಸಮಾಲೋಚನೆಯೂ ನಡೆದಿತ್ತು. ಕಫದ ಔಷಧಿ ಗೆದ್ದ ಮೊದಲ ಪ್ರಯೋಗದಲ್ಲೂ ಹಾಗೇ. ಮಾತಿನ ಚಿಕಿತ್ಸೆಯ ಹೆಗಲೇರಿಯೇ ಔಷಧಿ ಅಷ್ಟಿಷ್ಟು ಎತ್ತರ ಕಂಡಿದೆ.

ಮಾತಿನ ಚಿಕಿತ್ಸೆ ಎಂದರೆ ಬುದ್ಧಿವಾದ ಎಂದು ತಿಳಿದವರೇ ಹೆಚ್ಚು. ಬುದ್ಧಿವಾದ ಹುಡುಗನಿಗೆ ಮನೆಯಲ್ಲೇ ಧಾರಾಳವಾಗಿ ಸಿಕ್ಕಿರುತ್ತದೆ. ತರಬೇತಾದ ಸಮಾಲೋಚಕರು ಕೇಳುವ ಪ್ರಶ್ನೆಗಳೇ ಬೇರೆ: ಸೇದುವುದರಿಂದ ನಿನಗೆ ಸಿಗುವುದೇನು, ಕಳೆದುಕೊಂಡದ್ದೇನು, ಯಾವ ಹೊತ್ತಿನಲ್ಲಿ, ಯಾರ ಜೊತೆ, ಎಂಥ ಬೇಸರದಲ್ಲಿ ಕೈ ಅತ್ತ ಹೋಗುತ್ತದೆ? ಸಂಜೆ ಆರಕ್ಕೆ ಗೆಳೆಯನ ಫೋನ್ ಬಂದರೆ ಏನು ಹೇಳುತ್ತೀಯ ಎಂಬುದನ್ನು ಅಲ್ಲೇ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಅಮೆರಿಕದಲ್ಲಿ 450 ವಯಸ್ಕರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2004ರಲ್ಲಿ ಹೊರಬಂತು. ನಾಲ್ಕು ತಿಂಗಳ ಹೊತ್ತಿಗೆ, ಒಂಬತ್ತು ಭೇಟಿಗಳ ಚಿಕಿತ್ಸೆ ಪಡೆದವರಲ್ಲಿ ಗಾಂಜಾ ಪೂರ್ತಿ ಬಿಟ್ಟವರು ಶೇ 23ರಷ್ಟು. ಎರಡೇ ಭೇಟಿಯವರಲ್ಲಿ ಶೇ 9. ಚಿಕಿತ್ಸೆಗಾಗಿ ಕಾಯುತ್ತಿದ್ದವರಲ್ಲಿ ಶೇ 4.

ನಾಲ್ವರಲ್ಲಿ ಒಬ್ಬನೂ ಪೂರ್ತಿ ಬಿಡದಿದ್ದರೆ ಇದೆಂಥ ಚಿಕಿತ್ಸೆ ಎನ್ನಬಹುದು. ಆದರೆ ಬಿಡದವರಲ್ಲೂ ಸೇದುವ ದಿನಗಳು ಕಡಿಮೆಯಾಗಿದ್ದವು. ರಕ್ತದೊತ್ತಡದ ರೋಗಿಗೆ ಒತ್ತಡ ಇಳಿದರೆ ಸಾಕೆನ್ನುವ ನಾವು ಗಾಂಜಾ ಸೇದುವವನಿಂದ ಮಾತ್ರ ಒಂದೇ ಏಟಿಗೆ ಪೂರ್ಣ ಗುಣ ಬಯಸುತ್ತೇವೆ. ಈ ಫಲವನ್ನು ಹೆಚ್ಚಿಸುವ ಉಪಾಯವೂ ಇದೆ, ಕೇಳಿದರೆ ಸಿಟ್ಟು ಬರುವಂಥದ್ದು: ಮೂತ್ರಪರೀಕ್ಷೆಯಲ್ಲಿ ಗಾಂಜಾ ಕಾಣದಿದ್ದರೆ ಬಹುಮಾನದ ಕೂಪನ್. ಬಿಟ್ಟದ್ದಕ್ಕೆ ಇನಾಮು ಬೇರೆ ಕೊಡಬೇಕೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಅಮೆರಿಕದ ಪ್ರಯೋಗಗಳಲ್ಲಿ ಮಾತಿನ ಜೊತೆ ಕೂಪನ್ ಸೇರಿದಾಗ ಬಿಟ್ಟವರ ಪ್ರಮಾಣ ಏರಿದೆ. ಹದಿಹರೆಯದವರಲ್ಲಿ ಮನೆಯವರನ್ನೂ ಕೂರಿಸಿಕೊಂಡು ಮಾಡುವ ಚಿಕಿತ್ಸೆ ಬರ್ಲಿನ್, ಪ್ಯಾರಿಸ್ ಸೇರಿ ಯುರೋಪಿನ ಐದು ನಗರಗಳಲ್ಲಿ ಫಲ ಕೊಟ್ಟಿದೆ. ಮಗನನ್ನು ಒಪ್ಪಿಸಿ ‘ಸರಿಮಾಡಿ ಕೊಡಿ’ ಎಂದು ಹೊರಗೆ ಕಾಯುವ ಅಪ್ಪಂದಿರು ಗಮನಿಸಬೇಕಾದ ಸಂಗತಿ.

ಹಾಗೆಂದು ಮಾತ್ರೆಗೆ ಜಾಗವೇ ಇಲ್ಲವೆಂದಲ್ಲ. ಮೊದಲ ವಾರಗಳ ನಿದ್ದೆಗೆ ಕೆಲವು ದಿನ ಔಷಧಿ ಬೇಕಾಗಬಹುದು. ಖಿನ್ನತೆಯೋ ಆತಂಕವೋ ಇದ್ದು ಅದನ್ನು ಮರೆಯಲೆಂದೇ ಸೇದುತ್ತಿದ್ದರೆ ಮೂಲ ಕಾಯಿಲೆಗೇ ಔಷಧಿ ಬೇಕು. ಕಿವಿಯಲ್ಲಿ ಯಾರೋ ಮಾತಾಡಿದಂತಾಗುವುದು, ಎಲ್ಲರ ಮೇಲೂ ಅನುಮಾನ ಶುರುವಾಗಿದ್ದರೆ ಒಂದು ದಿನವೂ ತಡಮಾಡುವಂತಿಲ್ಲ. ನಮ್ಮಲ್ಲಿ ಗಾಂಜಾವನ್ನು ಹೆಚ್ಚಾಗಿ ತಂಬಾಕಿನ ಜೊತೆ ಬೆರೆಸಿ ಸೇದುವುದರಿಂದ ನಿಕೋಟಿನ್ ಚಟಕ್ಕೂ ಚಿಕಿತ್ಸೆ ಕೊಡಬೇಕಾಗುತ್ತದೆ. ಅದಕ್ಕೆ ಔಷಧಿ ಇದ್ದೇ ಇದೆ. ಗುಟ್ಟಾಗಿ ಊಟದಲ್ಲಿ ಬೆರೆಸಿ ಚಟ ಬಿಡಿಸುವೆವೆಂಬ ಪುಡಿಗಳಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗವಿಲ್ಲ.

ಕಾನೂನು ಈ ಚಿಕಿತ್ಸೆಗೆ ಅರ್ಧ ಬಾಗಿಲು ತೆರೆದಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡವಿದೆ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ, ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ 64ಎ ಕಲಮಿನಡಿ ವಿಚಾರಣೆಯಿಂದ ವಿನಾಯಿತಿಯಿದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂಪಡೆಯಬಹುದು. ಒಂದೆರಡು ಸಲ ಮುಗ್ಗರಿಸುವುದೇ ಲಕ್ಷಣವಾಗಿರುವ ಕಾಯಿಲೆಯಲ್ಲಿ, ಬಿಟ್ಟ ತಿಂಗಳ ಮೇಲೂ ಮೂತ್ರದಲ್ಲಿ ಗಾಂಜಾದ ಕುರುಹು ಉಳಿಯಬಹುದಾದಾಗ, ‘ಪೂರ್ತಿ’ಯನ್ನು ಅಳೆಯುವುದು ಹೇಗೆ? ಬಂದ ಭೇಟಿಗಳನ್ನು ಎಣಿಸುವುದು ಒಂದು ನ್ಯಾಯವಾದ ದಾರಿ.

ಭೇಟಿಗೆ ಜಾಗ ಬೇಕಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ ಟೆಲಿ ಮಾನಸ್‌ನ 14416 ಸಹಾಯವಾಣಿಗಳಿವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಆದರೆ ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಅವರು ಒಬ್ಬನಿಗೆ ಮುಕ್ಕಾಲು ಗಂಟೆ ಕೊಡುವುದು ಆಗದ ಮಾತು. ಆಗುವುದು ಚೀಟಿ ಬರೆಯುವುದಷ್ಟೇ. ಒಂಬತ್ತು ಭೇಟಿಗಳ ಕೆಲಸಕ್ಕೆ ಪ್ರತಿ ಸಲವೂ ವೈದ್ಯರೇ ಕೂರಬೇಕಿಲ್ಲ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗಳ ಆಪ್ತಸಮಾಲೋಚಕರಿಗೆ ಈ ಪದ್ಧತಿಯನ್ನು ಕಲಿಸಿ, ಮೇಲ್ವಿಚಾರಣೆಗೆ ಒಬ್ಬ ಮನೋವೈದ್ಯರನ್ನು ಫೋನಿನಲ್ಲಿ ಸಿಗುವಂತೆ ಮಾಡಿದರೆ, ಜಿಲ್ಲೆಗೊಂದು ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಮೊದಲೇ ಕೆಲಸ ಶುರುಮಾಡಬಹುದು.